ಗೇಟಿನಿಂದ ಅಳಿವೆಯವರೆಗೆ: ದೊಡ್ಡ ಉದ್ದಿಮೆಯೊಂದು ಉತ್ತರ ಕನ್ನಡದಲ್ಲಿ ಸುಸ್ಥಿರತೆಯನ್ನು ಸಾಧಿಸುವ ಬಗೆ

ಉತ್ತರ ಕನ್ನಡಕ್ಕೆ ದೊಡ್ಡ ಉದ್ದಿಮೆ ಹೊಸದಲ್ಲ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿ ಹುಟ್ಟಿಕೊಂಡಿತು. ಕಾರವಾರದ ಮಗ್ಗುಲಲ್ಲಿರುವ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಾಗುತ್ತದೆ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳು ಬಂದವು, ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳು ನಡೆಯುತ್ತಿವೆ, ಕಾರವಾರ ಮತ್ತು ಅಂಕೋಲಾದ ನಡುವಿನ ಕಡಲ ತೀರದ ಊರುಗಳು ನೌಕಾನೆಲೆಗಾಗಿ ಎದ್ದುಹೋದವು. ಹೀಗಾಗಿ ಇಲ್ಲಿ ಯಾವ ಕಂಪನಿ ಬಂದು ಸುಸ್ಥಿರ ಅಭಿವೃದ್ಧಿಯ ಮಾತಾಡಿದರೂ ಕೇಳುವವರ ಮನಸ್ಸಿನಲ್ಲಿ ಮೊದಲು ಏಳುವುದು ಹಳೆಯ ಲೆಕ್ಕ: ಅಂದು ಕೊಟ್ಟ ಮಾತು ಏನಾಯಿತು, ಬಾವಿಯ ನೀರು ಏನಾಯಿತು, ಮಕ್ಕಳಿಗೆ ಕೆಲಸ ಸಿಕ್ಕಿತೇ.

ಈ ಬರಹ ಎರಡು ಬಗೆಯ ಓದುಗರಿಗಾಗಿ ಇದೆ. ಕಾರ್ಖಾನೆಯ ಒಳಗೆ ಪರಿಸರ, ಸುರಕ್ಷತೆ ಅಥವಾ ಸಮುದಾಯ ಸಂಪರ್ಕದ ಹೊಣೆ ಹೊತ್ತಿರುವ ನಮ್ಮ ಜಿಲ್ಲೆಯ ಎಂಜಿನಿಯರುಗಳು, ವ್ಯವಸ್ಥಾಪಕರು ಮೊದಲನೆಯವರು. ಮೇಜಿನ ಆಚೆ ಬದಿಯಲ್ಲಿ ಕೂತು ಪ್ರಶ್ನೆ ಕೇಳಬೇಕಾದ ಪಂಚಾಯಿತಿ ಸದಸ್ಯರು, ಮೀನುಗಾರ ಸಂಘದವರು, ತೋಟಿಗರು ಎರಡನೆಯವರು. ನಾನು ಹಲವು ವರ್ಷ ಕಾರ್ಖಾನೆಯೊಂದರ ಪರಿಸರ ವಿಭಾಗದಲ್ಲಿ ದುಡಿದವನು, ಹುಟ್ಟಿ ಬೆಳೆದದ್ದು ಕುಮಟೆಯ ಗಜನಿ (ನದಿ ಕಡಲು ಸೇರುವ ಅಳಿವೆಯ ಅಂಚಿನಲ್ಲಿ ಉಪ್ಪು ನೀರು ಬಂದುಹೋಗುವ ತಗ್ಗು ಗದ್ದೆ) ದಂಡೆಯಲ್ಲಿ. ಎರಡೂ ಬದಿಯಿಂದ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟು: ಅಳತೆಯನ್ನು ಕಂಪನಿಯ ಗೇಟಿನಲ್ಲಿ ನಿಲ್ಲಿಸಬಾರದು, ಪರಿಣಾಮ ಬಂದು ತಟ್ಟುವ ಜಾಗದಲ್ಲಿ, ಅಂದರೆ ನೆರೆಯವರ ಬಾವಿಯಲ್ಲಿ, ಅಳಿವೆಯ ಕೆಸರಿನಲ್ಲಿ, ಗುತ್ತಿಗೆ ಕಾರ್ಮಿಕನ ಸಂಬಳದ ಚೀಟಿಯಲ್ಲಿ ಅಳೆಯಬೇಕು. ಮುಂದಿನ ಹೆಜ್ಜೆಗಳೆಲ್ಲ ಅದನ್ನೇ ಬಿಡಿಸಿ ಹೇಳುತ್ತವೆ.

ಮೊದಲ ಹೆಜ್ಜೆ: ಎಲ್ಲೆಯನ್ನು ನದಿಯ ಪ್ರಕಾರ ಗುರುತಿಸಿ

ಕಂಪನಿಯ ನಕ್ಷೆಯಲ್ಲಿ ಕಾಂಪೌಂಡ್ ಗೋಡೆಯೇ ಎಲ್ಲೆ. ನೀರಿಗೆ, ಗಾಳಿಗೆ, ಲಾರಿಗೆ ಆ ಗೋಡೆ ಗೊತ್ತಿಲ್ಲ. ಆದ್ದರಿಂದ ತಾಲ್ಲೂಕಿನ ನಕ್ಷೆಯನ್ನು ಹರಡಿಕೊಂಡು ನಾಲ್ಕು ದಾರಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ: ಕಾರ್ಖಾನೆಗೆ ನೀರು ಬರುವ ಮೂಲ, ಬಳಸಿದ ನೀರು ಹೋಗಿ ಸೇರುವ ಜಾಗ, ಹೊಗೆ ಮತ್ತು ಅನಿಲ ಹಗಲಿನ ಕಡಲ ಗಾಳಿಯಲ್ಲಿ ಹಾಗೂ ರಾತ್ರಿಯ ನೆಲಗಾಳಿಯಲ್ಲಿ ಸಾಗುವ ದಿಕ್ಕು, ಕಚ್ಚಾವಸ್ತು ಮತ್ತು ಸರಕು ಓಡಾಡುವ ರಸ್ತೆ. ಈ ನಾಲ್ಕು ದಾರಿಗಳು ತಾಗುವ ಪ್ರತಿ ಊರು, ಪ್ರತಿ ಹಳ್ಳ, ಪ್ರತಿ ಗಜನಿ ನಿಮ್ಮ ಹೊಣೆಯ ಒಳಗೆ ಬರುತ್ತದೆ.

ನಾಲ್ಕನೆಯ ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಹಲವರು ಜೀವ ಕಳೆದುಕೊಂಡರು, ಅನಿಲ ತುಂಬಿದ್ದ ಟ್ಯಾಂಕರ್ ಗಂಗಾವಳಿ ನದಿಗೆ ಬಿದ್ದು ತೇಲಿಹೋಯಿತು. ರಾಸಾಯನಿಕವನ್ನು ಈ ಹೆದ್ದಾರಿಯ ಮೂಲಕ ಕಳುಹಿಸುವ ಯಾವುದೇ ಕಂಪನಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತನ್ನ ಟ್ಯಾಂಕರುಗಳು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ಭಾರೀ ಮಳೆಯ ಎಚ್ಚರಿಕೆ ಬಂದ ದಿನ ಸಾಗಾಟವನ್ನು ತಡೆಹಿಡಿಯುವ ಅಧಿಕಾರ ಯಾರಿಗಿದೆ ಎಂಬುದನ್ನು ಬರೆದು ಇಟ್ಟುಕೊಳ್ಳಬೇಕು. ಸಾಗಾಟವನ್ನು ಬೇರೆ ಗುತ್ತಿಗೆದಾರರಿಗೆ ಒಪ್ಪಿಸಿದ್ದೇವೆ ಎನ್ನುವುದು ಉತ್ತರವಾಗುವುದಿಲ್ಲ.

ಎರಡನೆಯ ಹೆಜ್ಜೆ: ಕೆಲಸ ಶುರುವಾಗುವ ಮೊದಲೇ ಮೂಲ ಸ್ಥಿತಿಯನ್ನು ದಾಖಲಿಸಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಇಂದು ಬಾವಿಯ ನೀರು ಹೇಗಿದೆ ಎಂದು ಬರೆದಿಡದಿದ್ದರೆ, ಹತ್ತು ವರ್ಷದ ನಂತರ ಅದು ಕೆಟ್ಟಿದೆ ಎಂದು ಊರಿನವರು ಹೇಳಿದಾಗ ಕಂಪನಿಯೂ ಏನನ್ನೂ ಸಾಧಿಸಿ ತೋರಿಸಲಾರದು, ಊರೂ ತೋರಿಸಲಾರದು. ಆಗ ಉಳಿಯುವುದು ಬರಿಯ ಜಗಳ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ನಡೆಯುವ ಅಧ್ಯಯನಗಳು ಸಾಮಾನ್ಯವಾಗಿ ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ಅಂಕಿಅಂಶದ ಮೇಲೆ ನಿಲ್ಲುತ್ತವೆ. ಬಯಲುಸೀಮೆಯಲ್ಲಿ ಅದು ಎಷ್ಟರಮಟ್ಟಿಗೆ ಸಾಕೋ, ನಮ್ಮಲ್ಲಿ ಮಾತ್ರ ಸಾಲದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ ಆಗಸ್ಟಿನ ನದಿಯೂ ಏಪ್ರಿಲ್‌ನ ನದಿಯೂ ಎರಡು ಬೇರೆ ನದಿಗಳು. ಮಳೆಗಾಲದಲ್ಲಿ ಅಳಿವೆಯವರೆಗೂ ಸಿಹಿ ನೀರು ತುಂಬಿ ಹರಿಯುತ್ತದೆ, ಬೇಸಿಗೆಯಲ್ಲಿ ಭರತದೊಂದಿಗೆ ಉಪ್ಪು ನೀರು ಮೈಲುಗಟ್ಟಲೆ ಒಳಗೆ ಏರುತ್ತದೆ. ಒಂದೇ ಪ್ರಮಾಣದ ತ್ಯಾಜ್ಯ ನೀರು ಆಗಸ್ಟಿನಲ್ಲಿ ಕಾಣದಂತೆ ಕರಗಿಹೋದರೆ, ಮೇ ತಿಂಗಳಲ್ಲಿ ಇಳಿತ ಮತ್ತು ಭರತದ ನಡುವೆ ಅದೇ ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಲಾಡುತ್ತ ನಿಂತುಬಿಡುತ್ತದೆ. ಆದ್ದರಿಂದ ಕನಿಷ್ಠ ಒಂದು ಪೂರ್ತಿ ವರ್ಷ, ತಿಂಗಳಿಗೊಮ್ಮೆ, ಭರತದಲ್ಲಿ ಒಮ್ಮೆ ಮತ್ತು ಇಳಿತದಲ್ಲಿ ಒಮ್ಮೆ ಮಾದರಿ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ. ಕಾನೂನು ಇಷ್ಟನ್ನು ಕೇಳದಿರಬಹುದು, ಆದರೂ ನದಿಯನ್ನು ತಿಳಿಯಲು ಬೇರೆ ದಾರಿಯಿಲ್ಲ.

ಅಳೆಯಬೇಕಾದದ್ದು ನೀರನ್ನು ಮಾತ್ರವಲ್ಲ. ಕೆಸರನ್ನೂ ಅದರಲ್ಲಿ ಬದುಕುವ ಚಿಪ್ಪಿನ ಜೀವಿಯಾದ ಬಳಚನ್ನೂ ಪರೀಕ್ಷೆಗೆ ಕಳುಹಿಸಿ. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿಯಾದ್ದರಿಂದ ನೀರಿನಲ್ಲಿ ಯಂತ್ರಕ್ಕೆ ಸಿಗದಷ್ಟು ತೆಳುವಾಗಿರುವ ಭಾರಲೋಹಗಳು ಕೂಡ ಅದರ ಮೈಯಲ್ಲಿ ನಿಧಾನವಾಗಿ ಜಮೆಯಾಗುತ್ತವೆ. ಅಘನಾಶಿನಿಯ ಅಳಿವೆಯಲ್ಲಿ ಸಾವಿರಾರು ಕುಟುಂಬಗಳು ಬಳಚನ್ನು ಆಯ್ದು, ತಿಂದು, ಮಾರಿ ಬದುಕುತ್ತವೆ. 4,801 ಹೆಕ್ಟೇರಿನ ಆ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಹೀಗೆ ಹೆಸರು ಪಡೆದ ಜಾಗಗಳಿಗೆ ಮಾತ್ರವಲ್ಲ, ಕಾಳಿ, ಗಂಗಾವಳಿ ಮತ್ತು ಶರಾವತಿಯ ಅಳಿವೆಗಳಿಗೂ ಇದೇ ಕ್ರಮ ಅನ್ವಯಿಸಬೇಕು. ಗಜನಿಯಲ್ಲಿ ಉಪ್ಪು ನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಕಡೆ, ತೂಬಿನ ಒಳಗಿನ ನೀರಿನ ಉಪ್ಪಿನಂಶವನ್ನೂ ಬೆಳೆಯ ಇಳುವರಿಯನ್ನೂ ರೈತರ ಜೊತೆ ಕೂತು ಬರೆದುಕೊಳ್ಳಿ.

ಇದಕ್ಕೆ ಬೇಕಾದ ಪರಿಣತಿ ಬೆಂಗಳೂರಿನಿಂದಲೇ ಬರಬೇಕೆಂದಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ, ಕುಮಟೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಇವರು ಈ ನೀರನ್ನೂ ಈ ಕಾಡನ್ನೂ ದಶಕಗಳಿಂದ ನೋಡುತ್ತ ಬಂದವರು. ತೆಗೆದ ಪ್ರತಿ ಮಾದರಿಯ ಒಂದು ಪಾಲನ್ನು ಪಂಚಾಯಿತಿ ಸೂಚಿಸಿದ ಪ್ರಯೋಗಾಲಯಕ್ಕೂ ಕಳುಹಿಸುವ ಪದ್ಧತಿಯನ್ನು ಮೊದಲ ದಿನದಿಂದಲೇ ಇಟ್ಟುಕೊಂಡರೆ, ಮುಂದೆ ಅಂಕಿಗಳ ಬಗ್ಗೆ ಅನುಮಾನ ಹುಟ್ಟುವುದು ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯ ಹೆಜ್ಜೆ: ಬಲ್ಲವರನ್ನು ಕೇಳಿ, ಅವರ ಹೊತ್ತಿಗೆ ಕೇಳಿ

ನಮ್ಮ ಜಿಲ್ಲೆಯ ಬಿದಿರಿನ ಕಥೆಯನ್ನು ಪ್ರತಿ ಕೈಗಾರಿಕೋದ್ಯಮಿಯೂ ತಿಳಿದಿರಬೇಕು. ಕಾಗದದ ಗಿರಣಿಗೆಂದು ಬಿದಿರು ಕಡಿಯುವಾಗ ಮೆಳೆಯ ಬುಡದಲ್ಲಿ ಹೆಣೆದುಕೊಂಡಿದ್ದ ಮುಳ್ಳನ್ನು ಸವರಿ ತೆಗೆಯುವುದು ವೈಜ್ಞಾನಿಕ ಕ್ರಮ ಎಂದು ನಂಬಲಾಗಿತ್ತು. ಕಾಡಂಚಿನ ಜನ ಅದು ತಪ್ಪು, ಮುಳ್ಳು ಹೋದರೆ ಎಳೆ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆ ಎನ್ನುತ್ತಿದ್ದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿಯ ಕಾಡಿನಲ್ಲಿ ಅಧ್ಯಯನ ನಡೆಸಿದಾಗ ಊರಿನವರ ಮಾತೇ ಸರಿ ಎಂದು ಕಂಡುಬಂತು. ಅಷ್ಟರಲ್ಲಿ ಎಷ್ಟೋ ಮೆಳೆಗಳು ನಾಶವಾಗಿದ್ದವು. ಹತ್ತು ನಿಮಿಷ ಕೂತು ಕೇಳಿದ್ದರೆ ಗಿರಣಿಗೂ ಕಾಡಿಗೂ ಒಳ್ಳೆಯದಾಗುತ್ತಿತ್ತು ಎಂಬ ಸಂಕಟ ಆ ಅಧ್ಯಯನವನ್ನು ಓದಿದಾಗಲೆಲ್ಲ ನನಗೆ ಆಗುತ್ತದೆ.

ಕೇಳುವುದೆಂದರೆ ಸಾರ್ವಜನಿಕ ಅಹವಾಲು ಸಭೆಯೊಂದನ್ನು ಮುಗಿಸುವುದಲ್ಲ. ಅಂಥ ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ 30 ದಿನಗಳ ಮುನ್ಸೂಚನೆ ಕೊಟ್ಟು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ನಡೆಸಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಇದು ಕಾನೂನಿನ ಕನಿಷ್ಠ ಮಟ್ಟ. ಅದಕ್ಕೂ ಮೊದಲು ಕೇರಿಕೇರಿಗೆ ಹೋಗಿ ಮಾತಾಡಬೇಕು, ಕಾರವಾರದ ಕಡೆ ಕೊಂಕಣಿಯಲ್ಲಿಯೂ ಮಾತಾಡಬೇಕು. ಬಳಚು ಆಯುವ ಹೆಂಗಸರು ಇಳಿತದ ಹೊತ್ತಿನಲ್ಲಿ ನೀರಿನಲ್ಲಿರುತ್ತಾರೆ, ಮೀನು ಮಾರುವವರು ಬೆಳಗಿನಲ್ಲಿ ಪೇಟೆಯಲ್ಲಿರುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದು ಮೀನುಗಾರರು ಬರಲಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬೋಟಿನವರು ಊರಲ್ಲಿ ಸಿಗುತ್ತಾರೆ. ತೋಟಿಗರನ್ನು ಅಡಕೆ ಕೊಯ್ಲಿನ ಹೊತ್ತಿನಲ್ಲಿ ಕರೆಯಬೇಡಿ. ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ ಜನರ ಕೇರಿಗಳಿಗೆ ನೀವೇ ನಡೆದುಹೋಗಬೇಕು, ಅವರ ಕಾಡಿನ ಹಕ್ಕುಗಳಿಗೆ ಸಂಬಂಧಿಸಿದ ಪ್ರಶ್ನೆ ಇದ್ದರೆ ಗ್ರಾಮಸಭೆಯ ತೀರ್ಮಾನಕ್ಕೆ ಕಾಯಬೇಕು.

ಜಮೀನು ಬೇಕಾಗಿದ್ದರೆ 2013ರ ಭೂಸ್ವಾಧೀನ ಕಾಯ್ದೆಯು ಖಾಸಗಿ ಕಂಪನಿಗಾಗಿ ನಡೆಯುವ ಸ್ವಾಧೀನಕ್ಕೆ ಶೇ 80ರಷ್ಟು ಕುಟುಂಬಗಳ ಒಪ್ಪಿಗೆಯನ್ನೂ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕೇಳುತ್ತದೆ. ಶರಾವತಿ, ಕಾಳಿ ಮತ್ತು ಕಡಲ ತೀರದಿಂದ ಎದ್ದ ಕುಟುಂಬಗಳು ಈಗಲೂ ನಮ್ಮ ನಡುವೆ ಇರುವುದರಿಂದ ಇನ್ನೊಂದು ಸ್ಥಳಾಂತರವನ್ನು ತಪ್ಪಿಸುವ ವಿನ್ಯಾಸವನ್ನೇ ಮೊದಲು ಹುಡುಕಬೇಕು. ಪರಿಹಾರದ ಮಾತು ನಂತರದ್ದು.

ನಾಲ್ಕನೆಯ ಹೆಜ್ಜೆ: ಮುಖ್ಯವಾದ ನಾಲ್ಕೈದನ್ನು ಆರಿಸಿ

ಎಲ್ಲವನ್ನೂ ಏಕಕಾಲಕ್ಕೆ ಹಿಡಿಯಲು ಹೋದ ಕಂಪನಿ ಏನನ್ನೂ ಮುಗಿಸುವುದಿಲ್ಲ. ಮೊದಲ ಮೂರು ಹೆಜ್ಜೆಗಳಿಂದ ಬಂದ ವಿಷಯಗಳನ್ನು ಮುಂದಿಟ್ಟುಕೊಂಡು, ಕಂಪನಿಗೆ ಯಾವುದು ನಷ್ಟ ತರುತ್ತದೆ ಎಂಬುದರ ಜೊತೆಗೆ ಊರಿಗೆ ಯಾವುದು ನಷ್ಟ ತರುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಅದು ಪಟ್ಟಿಗೆ ಸೇರಬೇಕು. ಕರಾವಳಿಯ ರಾಸಾಯನಿಕ ಕಾರ್ಖಾನೆಗೆ ಸಾಮಾನ್ಯವಾಗಿ ನೀರು, ತ್ಯಾಜ್ಯ, ಅನಿಲದ ಅಪಾಯ, ವಿದ್ಯುತ್ ಮತ್ತು ಗುತ್ತಿಗೆ ಕಾರ್ಮಿಕರು ಈ ಪಟ್ಟಿಯ ಮೇಲ್ಭಾಗದಲ್ಲಿ ನಿಲ್ಲುತ್ತಾರೆ. ಘಟ್ಟದ ಮೇಲಿನ ಉದ್ದಿಮೆಗೆ ಮರದ ಮೂಲ ಮೊದಲು ಬರುತ್ತದೆ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಸೀಮೆ ಇದು. ಗೊಬ್ಬರದ ಸೊಪ್ಪಿಗೆಂದು ಬಿಟ್ಟ ಸೊಪ್ಪಿನ ಬೆಟ್ಟವನ್ನು ನಂಬಿ ತೋಟ ಮಾಡುವವರಿಗೆ ಕಾಡಿನ ಪ್ರಶ್ನೆ ಹೊಟ್ಟೆಯ ಪ್ರಶ್ನೆಯೇ ಆಗಿದೆ.

ಐದನೆಯ ಹೆಜ್ಜೆ: ಕಾರ್ಖಾನೆಯ ಒಳಗಿನ ನೀರನ್ನು ಸರಿಪಡಿಸಿ

ಮೊದಲು ನೀರಿನ ಜಮಾಖರ್ಚು ಬರೆಯಿರಿ. ಎಷ್ಟು ಒಳಬಂತು, ಎಷ್ಟು ಆವಿಯಾಯಿತು, ಎಷ್ಟು ಉತ್ಪನ್ನದೊಳಗೆ ಹೋಯಿತು, ಎಷ್ಟು ಹೊರಬಿತ್ತು ಎಂಬುದು ಪ್ರತಿ ವಿಭಾಗಕ್ಕೂ ಮೀಟರ್ ಇಟ್ಟು ಗೊತ್ತಾಗಬೇಕು. ನಂತರ ಆ ಸಂಖ್ಯೆಯನ್ನು ಊರಿನ ಭಾಷೆಗೆ ತನ್ನಿ. ಉದಾಹರಣೆಗೆ, ಕಾರ್ಖಾನೆಯೊಂದು ದಿನಕ್ಕೆ 50 ಲಕ್ಷ ಲೀಟರ್ ನೀರು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಆ ಲೆಕ್ಕದಲ್ಲಿ ಇದು ಸುಮಾರು 90,000 ಜನರ ಪಾಲು. ಈ ಹೋಲಿಕೆಯನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಾಗ ನೀರು ಉಳಿಸುವ ಯಂತ್ರಕ್ಕೆ ಹಣ ಸಿಗುವುದು ಸುಲಭವಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಳೆ ನೀರಿನ ವಿಷಯದಲ್ಲಿ ನಮ್ಮ ಕರಾವಳಿಗೆ ಹೆಚ್ಚಿನ ಸೀಮೆಗಳಿಗೆ ಇಲ್ಲದ ಅನುಕೂಲವಿದೆ. ಒಂದು ಹೆಕ್ಟೇರ್ ಚಾವಣಿಯ ಮೇಲೆ 3,000 ಮಿಲಿಮೀಟರ್ ಮಳೆ ಬಿದ್ದರೆ 3 ಕೋಟಿ ಲೀಟರ್ ಆಗುತ್ತದೆ, ಸೋರಿಕೆ ಕಳೆದು ಶೇ 80 ಹಿಡಿದರೂ 2.4 ಕೋಟಿ ಲೀಟರ್. ಕಷ್ಟವಿರುವುದು ಹಿಡಿಯುವುದರಲ್ಲಲ್ಲ, ನಿಲ್ಲಿಸುವುದರಲ್ಲಿ. ಜಂಬಿಟ್ಟಿಗೆಯ ನೆಲ ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುವುದರಿಂದ ಇಂಗುಗುಂಡಿಗಿಂತ ತಳ ಸೋರದ ಕೆರೆ ಅಥವಾ ಟ್ಯಾಂಕ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರೆಯ ಬಾವಿಗಳು ಇಳಿಯುವ ಹೊತ್ತಿಗೆ ಕಾರ್ಖಾನೆ ನದಿಯಿಂದ ತೆಗೆಯುವ ನೀರನ್ನು ಕಡಿಮೆ ಮಾಡುವಂತಿರಬೇಕು. ಯಂತ್ರಗಳ ವಾರ್ಷಿಕ ದುರಸ್ತಿಯನ್ನು ಆ ತಿಂಗಳುಗಳಿಗೆ ಇಟ್ಟುಕೊಂಡರೆ ಇದು ಖರ್ಚಿಲ್ಲದೆ ಸಾಧ್ಯವಾಗುತ್ತದೆ.

ಹೊರಬಿಡುವ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಒಂದು ವ್ಯತ್ಯಾಸವಿದೆ: ಒಳನಾಡಿನ ನದಿಗೆ ಬಿಡುವುದಾದರೆ ಜೈವಿಕ ಆಮ್ಲಜನಕ ಬೇಡಿಕೆ (ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು, ಕಡಲ ತೀರಕ್ಕೆ ಬಿಡುವುದಾದರೆ 100 ಮಿಲಿಗ್ರಾಂವರೆಗೆ ಅವಕಾಶವಿದೆ. ಕಡಲು ದೊಡ್ಡದು, ಎಲ್ಲವನ್ನೂ ಕರಗಿಸಿಕೊಳ್ಳುತ್ತದೆ ಎಂಬುದು ಆ ರಿಯಾಯಿತಿಯ ಹಿಂದಿನ ಎಣಿಕೆ. ಅಳಿವೆ ಕಡಲಲ್ಲ. ಅಲ್ಲಿ ಮೀನು ಮೊಟ್ಟೆಯಿಡುತ್ತದೆ, ಕಾಂಡ್ಲಾ (ಉಪ್ಪು ನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಬೇರುಗಳ ನಡುವೆ ಸಿಗಡಿಯ ಮರಿಗಳು ಬೆಳೆಯುತ್ತವೆ. ಅಳಿವೆಯ ಹತ್ತಿರದ ಯಾವ ಕಾರ್ಖಾನೆಯೂ ಕಠಿಣವಾದ ಮಾನದಂಡವನ್ನೇ ತನ್ನದೆಂದು ಒಪ್ಪಿಕೊಳ್ಳಬೇಕು. ತೀವ್ರ ಮಾಲಿನ್ಯದ ವರ್ಗಕ್ಕೆ ಸೇರುವ ಉದ್ದಿಮೆಗಳಲ್ಲಿ ಹೊರನೀರನ್ನು ನಿರಂತರವಾಗಿ ಅಳೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ನೇರವಾಗಿ ಕಳುಹಿಸುವ ಉಪಕರಣ ಇರುತ್ತದೆ. ಅದೇ ಅಂಕಿಗಳನ್ನು ಗೇಟಿನ ಹೊರಗೆ ಕನ್ನಡದ ಫಲಕದಲ್ಲಿ ತೋರಿಸಿ. ನಾನಿದ್ದ ಕಾರ್ಖಾನೆಯಲ್ಲಿ ಫಲಕ ಇತ್ತು, ಬಹುಕಾಲ ಅದು ಕೆಟ್ಟು ನಿಂತಿತ್ತು. ಅದನ್ನು ಸರಿಪಡಿಸಲು ನಾನು ಇನ್ನಷ್ಟು ಹಟ ಹಿಡಿಯಬೇಕಿತ್ತು.

ತಂತ್ರಜ್ಞಾನದ ಬದಲಾವಣೆಯೇ ದೊಡ್ಡ ಲಾಭ ತರುವ ಸಂದರ್ಭಗಳೂ ಇವೆ. ಕಾಸ್ಟಿಕ್ ಸೋಡಾ ತಯಾರಿಕೆಯಲ್ಲಿ ಹಿಂದೆ ಪಾದರಸದ ಕೋಶಗಳು ಬಳಕೆಯಲ್ಲಿದ್ದವು. ದೇಶದ ಉದ್ದಿಮೆ ಪೊರೆಯ ಕೋಶಗಳಿಗೆ ಬದಲಾದಾಗ ಪಾದರಸದ ಸೋರಿಕೆಯ ಅಪಾಯ ಹೋಯಿತು, ವಿದ್ಯುತ್ತೂ ಉಳಿಯಿತು. ಕಾಗದದ ಗಿರಣಿಗಳಲ್ಲಿ ತಿರುಳು ಬೇಯಿಸಿದ ಕಪ್ಪು ದ್ರಾವಣವನ್ನು ಸುಟ್ಟು ಉಗಿಯನ್ನೂ ರಾಸಾಯನಿಕವನ್ನೂ ಮರಳಿ ಪಡೆಯುವ ಬಾಯ್ಲರ್, ಧಾತುರೂಪದ ಕ್ಲೋರಿನ್ ಇಲ್ಲದ ಬಿಳುಪಿನ ಕ್ರಮ ಇವು ನದಿಯ ಹೊರೆಯನ್ನು ಬಹಳ ಇಳಿಸುತ್ತವೆ. ಹೊಸ ಯಂತ್ರ ಬಂದರೂ ಹಳೆಯ ಮಣ್ಣು ತಾನಾಗಿ ಶುದ್ಧವಾಗುವುದಿಲ್ಲ. ಹಳೆಯ ವಿಭಾಗವನ್ನು ಮುಚ್ಚುವಾಗ ಅದರ ಅಡಿಯ ಮಣ್ಣನ್ನೂ ಸುತ್ತಲಿನ ಅಂತರ್ಜಲವನ್ನೂ ಪರೀಕ್ಷಿಸುವ ಖರ್ಚನ್ನು ಯೋಜನೆಯಲ್ಲೇ ಸೇರಿಸಿರಬೇಕು.

ಆರನೆಯ ಹೆಜ್ಜೆ: ಅವಘಡಕ್ಕೆ ಊರನ್ನು ಸಿದ್ಧಗೊಳಿಸಿ

ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ ಕಾರ್ಖಾನೆಯ ಒಳಗಿನ ತುರ್ತು ಯೋಜನೆ ಕಂಪನಿಯದು, ಹೊರಗಿನದು ಜಿಲ್ಲಾಡಳಿತದ್ದು. ಒಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ ನಡೆಯಬೇಕು. ಅದನ್ನು ನೋಡಲು ಊರಿನವರನ್ನು ಕರೆಯಿರಿ. ಕಾಸ್ಟಿಕ್ ಸೋಡಾ ತಯಾರಿಸುವಾಗ ಜೊತೆಗೇ ಹುಟ್ಟುವ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಅನಿಲವಾದ್ದರಿಂದ ತಗ್ಗಿನಲ್ಲಿ ಹರಡಿ ನಿಲ್ಲುತ್ತದೆ. ಗುಡ್ಡಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಕೂತಿರುವ ನಮ್ಮ ಊರುಗಳಲ್ಲಿ ಜನ ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಸರಿಯಬೇಕು, ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿಯಬೇಕು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರಬೇಕು. ಸೈರನ್ ಎಷ್ಟು ಸಲ ಕೂಗಿದರೆ ಏನರ್ಥ ಎಂದು ತಿಳಿಸುವ ಚೀಟಿ ಪ್ರತಿ ಮನೆಯ ಗೋಡೆಯ ಮೇಲಿರಲಿ. 2019 ಮತ್ತು 2021ರ ಮಳೆಗಾಲದಲ್ಲಿ ಕದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಿಗೆ ನೆರೆ ನುಗ್ಗಿದ್ದನ್ನು ನೆನೆದರೆ, ಪ್ರವಾಹದ ದಿನ ರಾಸಾಯನಿಕದ ಗೋದಾಮು ನೀರಿನ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದೂ ಈ ಯೋಜನೆಯಲ್ಲಿ ಬರಬೇಕು.

ಏಳನೆಯ ಹೆಜ್ಜೆ: ವಿದ್ಯುತ್ ಮತ್ತು ಇಂಗಾಲ

ಇಂಗಾಲದ ಲೆಕ್ಕಕ್ಕೆ ಮೂರು ವ್ಯಾಪ್ತಿಗಳಿವೆ: ಸ್ವಂತ ಬಾಯ್ಲರ್ ಮತ್ತು ವಾಹನಗಳ ಹೊಗೆ, ಕೊಂಡ ವಿದ್ಯುತ್ತಿನ ಹಿಂದಿನ ಹೊಗೆ, ಕಚ್ಚಾವಸ್ತುವಿನಿಂದ ಗ್ರಾಹಕನವರೆಗಿನ ಉಳಿದದ್ದೆಲ್ಲ. ದೇಶದ ಗ್ರಿಡ್‌ನಿಂದ ಬರುವ ಪ್ರತಿ ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ದಿನಕ್ಕೆ ಒಂದು ಲಕ್ಷ ಯೂನಿಟ್ ಬಳಸುವ ಕಾರ್ಖಾನೆಯ ಪಾಲು 70 ಟನ್. 2012ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಇಂಧನ ದಕ್ಷತೆಯ ಯೋಜನೆಯ ಮೊದಲ ಎಂಟು ಕ್ಷೇತ್ರಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ಕಾಗದ ಎರಡೂ ಇದ್ದವು. ಹೀಗಾಗಿ ನಮ್ಮ ಜಿಲ್ಲೆಯ ಉದ್ದಿಮೆಗಳಿಗೆ ಈ ಲೆಕ್ಕ ಅಪರಿಚಿತವಲ್ಲ. ಮೋಟಾರು, ಉಗಿಯ ಕೊಳವೆ, ವ್ಯರ್ಥವಾಗುವ ಶಾಖ ಇವನ್ನು ಮೊದಲು ಸರಿಪಡಿಸಿ, ನಂತರ ಸೌರ ಮತ್ತು ಪವನ ವಿದ್ಯುತ್ ಕೊಳ್ಳಿ. ಗಿಡ ನೆಟ್ಟು ಲೆಕ್ಕ ಸರಿದೂಗಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ನೆಡುವುದಾದರೆ ಅಕೇಶಿಯಾದ ಸಾಲು ಬೇಡ. ಘಟ್ಟದ ಬದಿಗೆ ಮತ್ತಿ, ಹಲಸು, ಉಪ್ಪಾಗೆ, ಮುರುಗಲು, ಅಪ್ಪೆಮಿಡಿಯ ಮಾವು ಇರಲಿ. ಕಡಲ ಬದಿಗೆ ಸುರಹೊನ್ನೆ ಇರಲಿ, ಅಳಿವೆಯಲ್ಲಿ ಮೊದಲಿನಿಂದ ಇದ್ದ ಜಾಗಗಳಲ್ಲಿ ಮಾತ್ರ ಕಾಂಡ್ಲಾ ಇರಲಿ. ಬಳಚು ಬದುಕುವ ತೆರೆದ ಕೆಸರು ಬಯಲನ್ನು ಕಾಂಡ್ಲಾ ನೆಟ್ಟು ಮುಚ್ಚಿದರೆ ಆಯುವವರ ಅನ್ನ ಹೋಗುತ್ತದೆ.

ಎಂಟನೆಯ ಹೆಜ್ಜೆ: ದುಡಿಯುವವರು

ದೊಡ್ಡ ಕಾರ್ಖಾನೆಯೊಂದರಲ್ಲಿ ಬಿಸಿಯ ಹತ್ತಿರ, ಧೂಳಿನ ಹತ್ತಿರ, ಎತ್ತರದಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಸುರಕ್ಷತೆಯ ಅಂಕಿಗಳಲ್ಲಿ ಅವರನ್ನು ಕಾಯಂ ನೌಕರರ ಜೊತೆಗೇ ಎಣಿಸಿ. ಅವರ ಸಂಬಳ ಬ್ಯಾಂಕಿಗೆ ನೇರ ಬಂತೇ, ಭವಿಷ್ಯನಿಧಿಯ ಹಣ ಕಟ್ಟಲಾಗಿದೆಯೇ, ಇಎಸ್‌ಐ (ಕಾರ್ಮಿಕರ ವಿಮೆ) ಚೀಟಿ ಕೈಯಲ್ಲಿದೆಯೇ ಎಂಬುದನ್ನು ಗುತ್ತಿಗೆದಾರನ ಮಾತಿನ ಮೇಲೆ ಬಿಡದೆ ತಿಂಗಳಿಗೆ ಕೆಲವರನ್ನಾದರೂ ಕೂರಿಸಿ ಕೇಳಬೇಕು. ಸ್ಥಳೀಯರಿಗೆ ಕೆಲಸ ಎಂಬ ಭರವಸೆ ಕಾವಲು ಮತ್ತು ಕಸ ಗುಡಿಸುವುದಕ್ಕೆ ನಿಲ್ಲಬಾರದು. ಸುತ್ತಲಿನ ಐಟಿಐ, ಪಾಲಿಟೆಕ್ನಿಕ್‌ಗಳ ಜೊತೆ ಎರಡು ವರ್ಷ ಮೊದಲೇ ತರಬೇತಿ ಆರಂಭಿಸಿದರೆ ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಅಂಕೋಲೆಯ ಹುಡುಗಿಯೂ ಕೂರಬಲ್ಲಳು.

ಒಂಬತ್ತನೆಯ ಹೆಜ್ಜೆ: ಸಿಎಸ್‌ಆರ್ ಹಣವನ್ನು ಅದರ ಜಾಗದಲ್ಲಿಡಿ

2013ರ ಕಂಪನಿ ಕಾಯ್ದೆಯ 135ನೆಯ ಕಲಂ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಿಎಸ್‌ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಯ ಕೆಲಸಕ್ಕೆ, ಖರ್ಚು ಮಾಡಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಇಲ್ಲಿ ಊರಿನವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಒಂದು ನಿಯಮವಿದೆ: ಬೇರೆ ಯಾವುದೇ ಕಾನೂನಿನ ಪ್ರಕಾರ ಕಂಪನಿ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ತೋರಿಸುವಂತಿಲ್ಲ. ಶುದ್ಧೀಕರಣ ಘಟಕ, ಅನುಮತಿಯ ಷರತ್ತಿನಲ್ಲಿರುವ ಹಸಿರು ಪಟ್ಟಿ, ಕೆಡಿಸಿದ ಬಾವಿಗೆ ಬದಲಿ ನೀರು ಇವೆಲ್ಲ ಕಂಪನಿಯ ಸಾಲ, ದಾನವಲ್ಲ.

ಹಣವನ್ನು ಊರೂರಿಗೆ ಹಂಚಿ ಬಸ್ ತಂಗುದಾಣ ಕಟ್ಟುವ ಬದಲು ಐದು ವರ್ಷ ಒಂದೇ ಕೆಲಸದಲ್ಲಿ ನಿಲ್ಲುವುದು ಉತ್ತಮ ಎಂದು ನಾನು ನಂಬಿದ್ದೇನೆ. ಮಾಣಿಕಟ್ಟಾದಂಥ ಗಜನಿಗಳ ತೂಬು ಮತ್ತು ಒಡ್ಡುಗಳ ದುರಸ್ತಿ, ಮೀನು ಮಾರುವ ಹೆಂಗಸರಿಗೆ ಶೀತಲ ಪೆಟ್ಟಿಗೆ ಮತ್ತು ಶೌಚಾಲಯವಿರುವ ಮಾರುಕಟ್ಟೆ, ತಾಲ್ಲೂಕು ಆಸ್ಪತ್ರೆಗೆ ಸುಟ್ಟ ಗಾಯದ ವಿಭಾಗ ಇಂಥವು ಇಲ್ಲಿಯ ಅಗತ್ಯಗಳು. ಕೊನೆಯದನ್ನು ಬೇಕೆಂದೇ ಹೇಳಿದೆ: ಗಂಭೀರವಾಗಿ ಗಾಯಗೊಂಡವರನ್ನು ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಗೆ ಸಾಗಿಸುತ್ತ ದಾರಿಯಲ್ಲೇ ಕಳೆದುಕೊಂಡ ನೋವು ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿದೆ.

ಹತ್ತನೆಯ ಹೆಜ್ಜೆ: ದೂರಿಗೆ ಬಾಗಿಲು ತೆರೆಯಿರಿ

ಗೇಟಿನ ಕಾವಲುಗಾರನಿಗೆ ಕೊಟ್ಟ ಅರ್ಜಿ ಎಲ್ಲಿಗೂ ತಲುಪುವುದಿಲ್ಲ. ದೂರು ದಾಖಲಿಸುವ ಪುಸ್ತಕವನ್ನು ಪಂಚಾಯಿತಿ ಕಚೇರಿಯಲ್ಲಿಡಿ, ಬಾಯಿಮಾತಿನ ದೂರನ್ನೂ ಬರೆದುಕೊಂಡು ಸಂಖ್ಯೆ ಕೊಡಿ, ಏಳು ದಿನದೊಳಗೆ ಉತ್ತರ, ಮೂವತ್ತು ದಿನದೊಳಗೆ ತೀರ್ಮಾನ ಎಂಬ ಗಡುವನ್ನು ಕಂಪನಿ ತಾನೇ ಹಾಕಿಕೊಳ್ಳಲಿ. ತೀರ್ಮಾನಿಸುವ ಸಮಿತಿಯಲ್ಲಿ ಕಂಪನಿಯವರಲ್ಲದವರು ಅರ್ಧದಷ್ಟಿರಬೇಕು. ದೂರು ಕೊಟ್ಟವನ ಮಗನ ಗುತ್ತಿಗೆ ಕೆಲಸ ಹೋಗುವುದಿಲ್ಲ ಎಂಬ ಭರವಸೆ ಲಿಖಿತವಾಗಿರಬೇಕು. ಊರುಗಳಲ್ಲಿ ಬಾಯಿ ಮುಚ್ಚಿಸುವುದು ಹೆಚ್ಚಾಗಿ ಆ ಭಯವೇ.

ಹನ್ನೊಂದನೆಯ ಹೆಜ್ಜೆ: ಸರಾಸರಿಯನ್ನು ಬಿಟ್ಟು ಜಾಗದ ವರದಿ ಕೊಡಿ

ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆಯ ವರದಿಯನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ತಮ್ಮ ವಾರ್ಷಿಕ ವರದಿಯಲ್ಲಿ ಕೊಡಲೇಬೇಕು. ಒಂಬತ್ತು ತತ್ತ್ವಗಳ ಆ ವರದಿಯಲ್ಲಿ ಆರನೆಯದು ಪರಿಸರಕ್ಕೆ, ಮೂರನೆಯದು ನೌಕರರಿಗೆ, ಎಂಟನೆಯದು ಎಲ್ಲರನ್ನೂ ಒಳಗೊಂಡ ಬೆಳವಣಿಗೆಗೆ ಸಂಬಂಧಿಸಿದೆ. ಸಣ್ಣ ಊರುಗಳಲ್ಲಿ ಕೊಟ್ಟ ಸಂಬಳದ ಪಾಲು ಎಷ್ಟು ಎಂಬ ಪ್ರಶ್ನೆಯೂ ಅದರಲ್ಲಿರುವುದರಿಂದ ನಮ್ಮಂಥ ಜಿಲ್ಲೆಗಳು ಅದನ್ನು ತೆರೆದು ಓದಬೇಕು. ಆದರೆ ಅದು ಇಡೀ ಕಂಪನಿಯ ವರದಿ. ಐದು ರಾಜ್ಯಗಳ ಹತ್ತು ಘಟಕಗಳ ಸರಾಸರಿಯಲ್ಲಿ ಒಂದು ಘಟಕದ ಕೆಟ್ಟ ವರ್ಷ ಕಾಣದೆ ಹೋಗುತ್ತದೆ.

ಊರಿಗೆ ಬೇಕಾದ ದಾಖಲೆ ಬೇರೆ. ಪರಿಸರ ಅನುಮತಿ ಪಡೆದ ಘಟಕ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತುಗಳ ಪಾಲನೆಯ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಪಂಚಾಯಿತಿ ಸದಸ್ಯರು ಅನುಮತಿ ಪತ್ರದ ಷರತ್ತುಗಳನ್ನು ಒಂದು ಕೈಯಲ್ಲಿ, ಈ ವರದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಸಾಲುಸಾಲಾಗಿ ಹೋಲಿಸಬೇಕು. ಪಾಲಿಸಲಾಗುತ್ತಿದೆ ಎಂಬ ಒಂದೇ ಮಾತಿರುವ ಕಡೆ ಗೆರೆ ಎಳೆದು, ಎಷ್ಟು, ಎಲ್ಲಿ, ಯಾವ ದಿನ ಎಂದು ಬರೆದು ಕೇಳಬೇಕು. ಕಾರವಾರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅದರ ಪ್ರತಿ ಕೊಡಬೇಕು.

ಕಂಪನಿಯ ಬದಿಯಿಂದ ನಾನು ಸೂಚಿಸುವುದು ಎಂಟು ಪುಟದ ಒಂದು ಕನ್ನಡ ವರದಿ. ಎರಡನೆಯ ಹೆಜ್ಜೆಯಲ್ಲಿ ಗುರುತಿಸಿದ ಅದೇ ಬಾವಿಗಳು, ಅದೇ ಕೆಸರು, ಅದೇ ಬಳಚು, ಅದೇ ಗಜನಿ ಈ ವರ್ಷ ಹೇಗಿವೆ ಎಂಬುದು ಮೊದಲ ವರ್ಷದ ಅಂಕಿಯ ಪಕ್ಕದಲ್ಲಿ ಅಚ್ಚಾಗಲಿ. ಬಂದ ದೂರುಗಳೆಷ್ಟು, ಬಾಕಿ ಉಳಿದವೆಷ್ಟು, ಆದ ಅವಘಡಗಳೇನು, ಮಾತು ಕೊಟ್ಟು ಮುಗಿಸಲಾಗದ್ದು ಯಾವುದು ಎಂಬುದೂ ಇರಲಿ. ಮೇ ತಿಂಗಳ ಕೊನೆಯ ವಾರದಲ್ಲಿ, ಬಾವಿಗಳು ತೀರ ಕೆಳಗಿಳಿದಿರುವಾಗ, ಮಳೆ ಹಿಡಿಯುವ ಮೊದಲು ಗ್ರಾಮಸಭೆಯಲ್ಲಿ ಘಟಕದ ಮುಖ್ಯಸ್ಥರೇ ನಿಂತು ಅದನ್ನು ಓದಲಿ, ಅಂದೇ ಊರಿನವರ ಎದುರಿಗೆ ಆ ಬಾವಿಗಳಿಂದ ಹೊಸ ಮಾದರಿಗಳನ್ನು ಸೇದಿ ಎರಡು ಬಾಟಲಿಗಳಲ್ಲಿ ತುಂಬಿ, ಒಂದನ್ನು ಕಂಪನಿಯ ಪ್ರಯೋಗಾಲಯಕ್ಕೂ ಇನ್ನೊಂದನ್ನು ಪಂಚಾಯಿತಿ ಆರಿಸಿದ ಪ್ರಯೋಗಾಲಯಕ್ಕೂ ಕಳುಹಿಸಲಿ.